ಗಾಳಿಯಾಡದ ಬಾಣಂತಿ ಕೋಣೆ

ನನ್ನ ಮಗಳನ್ನೂ ಅವಳ ಹನ್ನೊಂದು ದಿನದ ಕೂಸನ್ನೂ ನಾನು ಕೊಂದೇಬಿಡುತ್ತಿದ್ದೆ. ಓದುವವರಿಗೆ ಈ ಮಾತು ಅತಿಯಾಯಿತು ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮೂರು ತೆರಕಣಾಂಬಿಯಲ್ಲಿ ಇವತ್ತಿಗೂ ಕೆಲವರು ಅದು ನಮ್ಮ ಅತ್ತೆ ಮಾಡಿದ ಕೆಲಸ ಅಂದುಕೊಂಡಿದ್ದಾರೆ. ಎಂಬತ್ತು ದಾಟಿದ ಮುದುಕಿಗೆ ಅಷ್ಟೂ ಬುದ್ಧಿ ಬೇಡವೇ, ಬಾಣಂತಿ ಮಂಚದ ಕೆಳಗೆ ಕೆಂಡ ಇಟ್ಟು ಬಾಗಿಲು ಹಾಕಿಕೊಂಡು ಬರುವುದೇ ಎಂದು ಅಂಗಡಿ ಮುಂದೆ ಆಡಿಕೊಳ್ಳುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಆ ಮಾತು ಅತ್ತೆಯ ತಲೆಯ ಮೇಲಿಂದ ಇಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ಇರುವುದು ಅತ್ತೆ ಮತ್ತು ನಾನು. ಒಬ್ಬಳೇ ಮಗಳನ್ನು ಉಮ್ಮತ್ತೂರಿಗೆ ಕೊಟ್ಟಿದ್ದೇವೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೆಲ್ಲ ಗೊತ್ತು. ಗೊತ್ತಿದ್ದದ್ದನ್ನು ಹೇಳದೆ ಸುಮ್ಮನಿರಲು ನನ್ನಿಂದಾಗದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಂಡದ್ದೂ ಅಷ್ಟಕ್ಕಷ್ಟೇ. ಮನೆಯಲ್ಲಿ ಅತ್ತೆ ಏನಾದರೂ ಹೀಗಲ್ಲ ಹಾಗೆ ಅಂದರೆ, "ಅದಕ್ಕೆ ಕಾರಣ ಏನು ಹೇಳಿ ನೋಡೋಣ" ಎಂದು ಕೇಳುತ್ತಿದ್ದೆ. ಅವರಿಗೆ ಕಾರಣ ಹೇಳಲು ಬರುತ್ತಿರಲಿಲ್ಲ. ರೂಢಿ ಮಾತ್ರ ಗೊತ್ತಿರುತ್ತಿತ್ತು. ಅಲ್ಲಿಗೆ ನಾನು ಗೆದ್ದೆ ಎಂದುಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ.

ನಮ್ಮದು ಮಾವನವರ ಕಾಲದ ಹೆಂಚಿನ ಮನೆ. ನಡುಮನೆಗೆ ಅಂಟಿಕೊಂಡಿರುವ ಕೋಣೆಯೇ ಬಾಣಂತಿ ಕೋಣೆ. ಅದರ ನೆತ್ತಿಯ ಮೇಲೆ ಹಲಗೆ ಹಾಸಿದ ಅಟ್ಟ, ಅಟ್ಟದ ಮೇಲೆ ಸಣ್ಣ ಈರುಳ್ಳಿ, ಅರಿಸಿನದ ಮೂಟೆ, ಬಿತ್ತನೆಯ ಹುರುಳಿ. ಹಲಗೆಗೂ ಹಲಗೆಗೂ ಬೆರಳು ತೂರುವಷ್ಟು ಸಂದು. ಗೋಡೆಯ ತುದಿಗೂ ಸೂರಿಗೂ ನಡುವೆ ಗೇಣಗಲ ಜಾಗ ಹಾಗೇ ತೆರೆದಿತ್ತು. ಕೋಣೆಯ ಮೇಲ್ಮೂಲೆಯಲ್ಲಿ ಒಂದು ಗವಾಕ್ಷಿ. ಬೆಳಗಿನ ಹೊತ್ತು ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬರುವ ಕುಳಿರ್ಗಾಳಿ ಈ ಎಲ್ಲ ಸಂದುಗಳಿಂದಲೂ ನುಗ್ಗಿ, ಹೊದ್ದ ಕಂಬಳಿಯ ಒಳಗೂ ಇಳಿಯುತ್ತಿತ್ತು. ಗಾಳಿಯ ಜೊತೆಗೆ ಧೂಳು, ಇಲಿಯ ಹಿಕ್ಕೆ, ಒಣಗಿದ ಎಲೆ. ಈ ಮನೆಯಲ್ಲಿ ಆಚೆಗೂ ಒಳಗೂ ಏನೂ ವ್ಯತ್ಯಾಸವಿಲ್ಲ ಎಂದು ಮದುವೆಯಾಗಿ ಬಂದ ವರ್ಷದಿಂದ ಗೊಣಗುತ್ತಲೇ ಇದ್ದೆ.

ಏಳನೇ ತಿಂಗಳು ಮುಗಿಸಿ ಮಗಳು ನಮ್ಮ ಮನೆಗೆ ಬಂದಳು. ಬಂದ ವಾರದಲ್ಲೇ, ಮಧ್ಯಾಹ್ನ ಅವಳು ಆ ಕೋಣೆಯಲ್ಲಿ ಮಲಗಿದ್ದಾಗ ಅಟ್ಟದ ಸಂದಿನಿಂದ ಒಂದು ಚೇಳು ಉದುರಿ ತಲೆದಿಂಬಿನ ಪಕ್ಕ ಬಿತ್ತು. ಕಚ್ಚಲಿಲ್ಲ. ಅತ್ತೆ ಪೊರಕೆಯ ಹಿಡಿಯಿಂದ ಅದನ್ನು ಜಜ್ಜಿ ಆಚೆ ಬಿಸಾಡಿ, "ಯೆಂಚಿನ್ ಮನೆ ಅಂದ್ಮೇಲೆ ಇವೆಲ್ಲ ಇರ್ತವೆ ಕಣಮ್ಮಿ, ಅಟ್ಟ ವಸಿ ಕ್ಲೀನ್ ಮಾಡ್ಬುಟ್ರೆ ಆಯ್ತು" ಎಂದರು. ನನಗೆ ಮೈಯೆಲ್ಲ ಉರಿಯಿತು. ಹೆರಿಗೆಯಾಗಿ ಕೂಸು ಅಲ್ಲೇ ಮಲಗಿದ್ದಾಗ ಬಿದ್ದಿದ್ದರೆ? ಅವತ್ತೇ ನಿರ್ಧಾರ ಮಾಡಿದೆ. ಈ ಸೂರಿನ ಒಂದು ತೂತೂ ಉಳಿಯಬಾರದು.

ಗುಂಡ್ಲುಪೇಟೆಯಿಂದ ಸೀಲಿಂಗ್ ಕೆಲಸದವನು ಬಂದ. ವಯನಾಡಿನ ಕಡೆಯವನು, ಅವನ ಕನ್ನಡದಲ್ಲಿ ಅರ್ಧ ಮಲಯಾಳ ಬೆರೆತಿರುತ್ತಿತ್ತು. ಆದರೆ ಕೈಗೆಲಸ ಬಹಳ ಚೊಕ್ಕ. ಹೆಂಚಿನ ಅಡಿಗೆ ಬೆಳ್ಳಿ ಬಣ್ಣದ ಹಾಳೆ ಬಿಗಿದ. ಅಟ್ಟದ ಹಲಗೆಯ ಮೇಲೆ ಥರ್ಮಾಕೋಲ್ ಹಾಸಿದ. ಹಲಗೆಯ ಕೆಳಗೆ ಸಾಲಾಗಿ ಬಿಳಿ ಪಿವಿಸಿ ಪಟ್ಟಿಗಳನ್ನು ಕೂರಿಸಿದ. ಗೋಡೆಗೂ ಸೂರಿಗೂ ನಡುವಿನ ಗೇಣಗಲದ ಜಾಗಕ್ಕೆ ಡಬ್ಬಿಯಿಂದ ಒಂದು ಬಗೆಯ ನೊರೆಯನ್ನು ಚಿಮ್ಮಿಸಿದ. ಅದು ಬನ್ನಿನ ಹಾಗೆ ಉಬ್ಬಿ, ಗಟ್ಟಿಯಾಗಿ, ಗೋಡೆಗೆ ಕಚ್ಚಿಕೊಂಡಿತು. ಕಿಟಕಿಗೆ ಗಾಜಿನ ಹೊಸ ಬಾಗಿಲು, ಅಂಚಿಗೆಲ್ಲ ರಬ್ಬರ್. ಕೋಣೆಯ ಬಾಗಿಲಿನ ಅಡಿಗೂ ರಬ್ಬರ್ ಪಟ್ಟಿ ಹೊಡೆಸಿದೆ. ಕೊನೆಗೆ ಉಳಿದದ್ದು ಆ ಗವಾಕ್ಷಿ.

ಅವನು ಏಣಿಯ ಮೇಲೆ ನಿಂತು ನನ್ನ ಕಡೆ ತಿರುಗಿದ. "ಟೀಚರೇ, ಇದೊಂದು ಹಂಗೇ ಇರ್ಲಿ. ಮುಳುವನ್ ಅಡಚ್ಚಾ, ಪೂರ್ತಿ ಮುಚ್ಚಿಬಿಟ್ರೆ, ಗಾಳಿ ಎಲ್ಲಿಂದ ಬರೋದು?"

"ಗಾಳಿ ಬರಬಾರದು ಅಂತಲೇ ನಿನ್ನ ಕರೆಸಿರೋದು. ಮುಚ್ಚಪ್ಪ" ಎಂದೆ.

"ಒಂದು ಸಣ್ಣ ವೆಂಟಿಲೇಟರ್ ಕೂರಿಸ್ತೀನಿ. ಜಾಲಿ ಹಾಕಿ ಕೊಡ್ತೀನಿ, ಹುಳ ಬರೋದಿಲ್ಲ."

"ಸೀಲಿಂಗ್ ನಿಂದು, ವಿಜ್ಞಾನ ನಂದು" ಎಂದುಬಿಟ್ಟೆ. ಕೆಳಗೆ ಏಣಿ ಹಿಡಿದು ನಿಂತಿದ್ದ ಅತ್ತೆ ಒಮ್ಮೆ ಅವನ ಮುಖ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಅವನು ತಲೆಯಾಡಿಸಿ ಗವಾಕ್ಷಿಯ ತುಂಬ ನೊರೆ ತುಂಬಿದ.

ಅಷ್ಟಕ್ಕೇ ಬಿಟ್ಟೆನೇ? ಅವನು ಹೋದ ಮೇಲೆ ಫ್ಯಾನು ಆರಿಸಿ, ಊದುಬತ್ತಿ ಹಚ್ಚಿಕೊಂಡು ಕೋಣೆಯ ಸುತ್ತ ನಡೆದೆ. ಎಲ್ಲಿ ಸಂದು ಉಳಿದಿದೆಯೋ ಅಲ್ಲಿ ಹೊಗೆ ಓಲುತ್ತದೆ, ಅದು ಸರಳ ಪರೀಕ್ಷೆ. ಸ್ವಿಚ್ ಬೋರ್ಡಿನ ಹತ್ತಿರ ಹೊಗೆ ತುಸು ಬಳುಕಿತು; ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮರುದಿನ ಅವನನ್ನು ಕರೆಸಿ ಅದನ್ನೂ ಮುಚ್ಚಿಸಿದೆ. ಮತ್ತೆ ಊದುಬತ್ತಿ ಹಿಡಿದೆ. ಈ ಸಲ ಹೊಗೆ ಎಲ್ಲಿಯೂ ಅಲುಗದೆ ನೆಟ್ಟಗೆ ಮೇಲೇರಿ, ಬಿಳಿ ಸೀಲಿಂಗಿನ ಅಡಿಯಲ್ಲಿ ಹರಡಿಕೊಂಡು ನಿಂತಿತು. ಮಗಳನ್ನು ಕರೆದು ತೋರಿಸಿದೆ. "ನೋಡೇ, ಥರ್ಮಾಸ್ ಫ್ಲಾಸ್ಕ್ ಆಗಿದೆ ನಿನ್ನ ಕೋಣೆ" ಎಂದೆ. ಅವಳು ನಕ್ಕಳು. ಹೊಗೆಗೆ ಹೋಗಲು ದಾರಿಯಿಲ್ಲ ಎಂದು ಕಣ್ಣಾರೆ ಕಂಡು ಸಂತೋಷಪಟ್ಟ ವಿಜ್ಞಾನದ ಟೀಚರ್ ನಾನು.

ಅಪಾಯದ ಗುರುತುಗಳು ಬರಲಿಲ್ಲವೆಂದಲ್ಲ. ಚಳಿ ಏರಿದ ಮೇಲೆ ಬೆಳಗ್ಗೆ ಎದ್ದರೆ ಕಿಟಕಿಯ ಗಾಜಿನ ಒಳಮೈಯಿಂದ ನೀರು ಧಾರೆಯಾಗಿ ಇಳಿದಿರುತ್ತಿತ್ತು. ಅಟ್ಟದ ಮೇಲಿನ ಈರುಳ್ಳಿ ಮೊಳಕೆಯೊಡೆದು ಕೊಳೆಯತೊಡಗಿತು. ಅರಿಸಿನದ ಮೂಟೆಗೆ ಬೂಷ್ಟು ಹಿಡಿಯಿತು. ಅತ್ತೆ ಸೀಲಿಂಗಿನ ಪಟ್ಟಿ ಸವರಿ ಒದ್ದೆ ಬೆರಳನ್ನು ನನಗೆ ತೋರಿಸಿದರು.

"ಸೂರು ಬೆವರ್ತಾ ಅದೆ ಕಣಮ್ಮಿ. ಈ ಮನೆ ಯಾವತ್ತೂ ಹಿಂಗ್ ಬೆವರಿಲ್ಲ."

ನಾನು ಅವರನ್ನು ಕೂರಿಸಿಕೊಂಡು ನೀರಾವಿ ಹೇಗೆ ತಣ್ಣನೆಯ ಮೈಗೆ ತಾಗಿ ಹನಿಯಾಗುತ್ತದೆ ಎಂದು ಪಾಠ ಮಾಡಿದೆ. ನಮ್ಮ ಉಸಿರಿನ ಆವಿಯೇ ಅದು ಎಂದೂ ಹೇಳಿದೆ. ನಮ್ಮ ಉಸಿರು ಆಚೆ ಹೋಗದೆ ಕೋಣೆಯಲ್ಲೇ ಉಳಿಯುತ್ತಿದೆ ಎಂದು ನನ್ನ ಬಾಯಿಂದಲೇ ಹೇಳಿ, ಅದರ ಅರ್ಥ ನನಗೇ ಆಗಲಿಲ್ಲ. ಅರಿಸಿನದ ಮೂಟೆಯನ್ನು ಕೊಟ್ಟಿಗೆಗೆ ಸಾಗಿಸಿದೆವು.

ಮಗಳಿಗೆ ಸುಖವಾಗಿ ಹೆರಿಗೆಯಾಯಿತು, ಹೆಣ್ಣು ಕೂಸು. ನಾಲ್ಕನೇ ದಿನ ಮನೆಗೆ ಕರೆತಂದೆವು. ಬಾಣಂತನ ಅತ್ತೆಯದೇ. ನನ್ನ ಬಾಣಂತನವನ್ನೂ ಇದೇ ಕೋಣೆಯಲ್ಲಿ ಅವರೇ ಮಾಡಿದ್ದರು. ಎಣ್ಣೆ ಹಚ್ಚುವುದು, ಹಂಡೆಯ ಬಿಸಿನೀರು ಹುಯ್ಯುವುದು, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕೂಸಿಗೆ ಸಾಂಬ್ರಾಣಿ ಹೊಗೆ. ಮೊದಲ ದಿನಗಳಲ್ಲಿ ಸಾಂಬ್ರಾಣಿಗೆ ಬೇಕಾದಷ್ಟು ನಾಲ್ಕು ಕೆಂಡವನ್ನು ತಂದು, ಹೊಗೆ ಹಿಡಿದು, ಕೂಡಲೇ ಆಚೆ ಒಯ್ಯುತ್ತಿದ್ದರು. ಹನ್ನೊಂದನೇ ದಿನ ತಲೆಗೆ ನೀರು. ಅವತ್ತಿನಿಂದ ಬಾಣಂತಿಯ ಸೊಂಟಕ್ಕೆ ಕಾವು ಕೊಡಲು ಮಂಚದ ಕೆಳಗೆ ಅಗ್ಗಿಷ್ಟಿಕೆಯ ತುಂಬ ಕೆಂಡ ಇಟ್ಟು, ಬಾಗಿಲು ಹಾಕಿ, ಒಂದು ಹೊತ್ತು ಮಲಗಿಸುವುದು ನಮ್ಮ ಮನೆಯ ಪದ್ಧತಿ. ನನಗೂ ಹಾಗೇ ಮಾಡಿದ್ದರು. ನನಗೇನೂ ಆಗಿರಲಿಲ್ಲ. ಆ ಪದ್ಧತಿಯನ್ನು ನಾನು ಬೇಡ ಎನ್ನಲೂ ಇಲ್ಲ. ಒಳ್ಳೇ ಚಳಿ, ಕಾವು ಸಿಗಲಿ ಬಿಡು ಅನ್ನಿಸಿತು.

ಹನ್ನೊಂದನೇ ದಿನ ಭಾನುವಾರ ಬಂದಿತ್ತು. ಬೆಳಗಿನ ಮಂಜು ಹತ್ತು ಗಂಟೆಗೂ ಕರಗಿರಲಿಲ್ಲ. ಅತ್ತೆ ಮಗಳಿಗೂ ಕೂಸಿಗೂ ನೀರು ಹಾಕಿ, ಮಲಗಿಸಿ, ಕರಟ ಸುಟ್ಟ ಕೆಂಡವನ್ನು ಮಂಚದ ಕೆಳಗೆ ಇಟ್ಟು ಆಚೆ ಬಂದರು. ಬಾಗಿಲನ್ನು ಅವರು ಸುಮ್ಮನೆ ಎಳೆದುಕೊಂಡಿದ್ದರು. ನಾನು ಎದ್ದು ಹೋಗಿ, ರಬ್ಬರ್ ಪಟ್ಟಿ ನೆಲಕ್ಕೆ ಸರಿಯಾಗಿ ಕೂರುವ ಹಾಗೆ ಒತ್ತಿ ಮುಚ್ಚಿ, ಚಿಲಕ ಸಿಕ್ಕಿಸಿದೆ. ನಡುಮನೆಯಲ್ಲಿ ಕೂತು ಹತ್ತನೇ ತರಗತಿಯ ಪೇಪರು ತಿದ್ದತೊಡಗಿದೆ.

ಎಷ್ಟು ಹೊತ್ತಾಯಿತೋ. ಅತ್ತೆ ಕಂಬದ ಬುಡದಲ್ಲಿ ಕೂತವರು ಎದ್ದರು.

"ಕೂಸು ಕುಯ್ ಅಂದಿಲ್ಲ. ಹಾಲ್ ಕೇಳೋ ವೊತ್ತಾಯ್ತು. ವಸಿ ನೋಡ್ಬುಟ್ಟು ಬತ್ತೀನಿ."

"ಸುಮ್ಮನಿರಿ ಅತ್ತೆ. ಬೆಚ್ಚಗಿದ್ದರೆ ಮಕ್ಕಳು ನಿದ್ದೆ ಮಾಡ್ತವೆ. ಈಗ ಬಾಗಿಲು ತೆಗೆದರೆ ಕಾಯಿಸಿದ್ದೆಲ್ಲ ಆಚೆ ಹೋಗುತ್ತೆ" ಎಂದೆ, ಪೇಪರಿನಿಂದ ತಲೆಯೆತ್ತದೆ.

ಅವರು ಕೂತರು. ನಾನು ಇನ್ನೂ ಎರಡು ಪೇಪರು ತಿದ್ದಿದೆ. ಆ ಎರಡು ಪೇಪರುಗಳ ಹೊತ್ತನ್ನು ನನ್ನ ಆಯುಸ್ಸಿನಿಂದ ಕಿತ್ತು ಬಿಸಾಡುವ ಹಾಗಿದ್ದರೆ ಬಿಸಾಡುತ್ತಿದ್ದೆ. ಅತ್ತೆ ಮತ್ತೆ ಎದ್ದರು, ಈ ಸಲ ನನ್ನನ್ನು ಕೇಳಲಿಲ್ಲ. ಸೀದಾ ಹೋಗಿ ಚಿಲಕ ತೆಗೆದರು. "ಅತ್ತೆ!" ಎಂದು ನಾನು ಗದರಿದೆ. ಗದರಿದ ಬಾಯಿ ಮುಚ್ಚುವುದರೊಳಗೆ ಅವರ ಕೂಗು ಕೇಳಿತು. ಅಂಥ ಕೂಗನ್ನು ಅವರ ಮಗ ಸತ್ತ ದಿನವೂ ಅವರು ಕೂಗಿರಲಿಲ್ಲ.

ಒಳಗೆ ಸುಟ್ಟ ವಾಸನೆಯಿಲ್ಲ, ಹೊಗೆಯಿಲ್ಲ. ಬೆಚ್ಚಗಿನ, ಅಚ್ಚುಕಟ್ಟಾದ, ಬಿಳಿ ಸೀಲಿಂಗಿನ ಕೋಣೆ. ಮಗಳ ಒಂದು ಕಾಲು ಮಂಚದಿಂದ ಕೆಳಗೆ ಇಳಿದು ನೆಲ ಮುಟ್ಟಿತ್ತು. ಏಳಲು ನೋಡಿದ್ದಾಳೆ, ಆಗಿಲ್ಲ. ದಿಂಬಿನ ಮೇಲೆ ವಾಂತಿ. ಕಣ್ಣು ಅರೆಬರೆ ತೆರೆದಿದೆ, ನೋಟವಿಲ್ಲ. ಗೋಡೆಯ ಕಡೆ ಕೂಸು, ಬಟ್ಟೆಯಲ್ಲಿ ಸುತ್ತಿಟ್ಟ ಹಾಗೇ ಇದೆ, ಅಲುಗುತ್ತಿಲ್ಲ. ನಾನು ಬಾಗಿಲಲ್ಲಿ ನಿಂತೇ ಇದ್ದೆ, ಕೈಯಲ್ಲಿ ಕೆಂಪು ಪೆನ್ನು. ಏನಾಗಿದೆ ಎಂದು ತಿಳಿಯಲಿಲ್ಲ ಎಂದಲ್ಲ. ತಿಳಿದದ್ದರಿಂದಲೇ ನಿಂತುಬಿಟ್ಟೆ. ಗಾಳಿ ಸಾಲದೆ ಉರಿದ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ವರ್ಷವೂ ಬೋರ್ಡಿನ ಮೇಲೆ ಬರೆಸಿ, ಎರಡು ಸಲ ಓದಿಸುವ ಸಾಲು ಅದು.

ಅತ್ತೆ ಕೂಸನ್ನು ಎದೆಗೆ ಅವಚಿಕೊಂಡು ನನ್ನನ್ನು ತಳ್ಳಿಕೊಂಡೇ ಆಚೆ ಓಡಿದರು. "ಅವಳ್ನ ಎಳ್ಕೊಂಡ್ ಬಾ! ನಿಂತ್ಕಂಡ್ ಏನ್ ನೋಡೀಯೆ!" ಎಂದು ಕಿರುಚಿದರು. ಆಗ ಎಚ್ಚರವಾಯಿತು. ಮಗಳ ಕಂಕುಳಿಗೆ ಕೈಹಾಕಿ, ನೆಲದ ಮೇಲೆ ಎಳೆದುಕೊಂಡು ಅಂಗಳಕ್ಕೆ ತಂದೆ. ತಣ್ಣನೆಯ ಗಾಳಿ ಬೀಸುತ್ತಿತ್ತು. ಆ ಗಾಳಿಯನ್ನು ಎಷ್ಟು ವರ್ಷ ಬೈದಿದ್ದೆನೋ ಅದೇ ಗಾಳಿ. ಅತ್ತೆ ಕೂಸಿನ ಬಟ್ಟೆ ಬಿಚ್ಚಿ, ಅಂಗಾಲು ತಟ್ಟಿ, ಮುಖಕ್ಕೆ ಊದಿ, ಮತ್ತೆ ತಟ್ಟಿ, "ಅಳವ್ವ, ಅಳು ಮಗ, ಒಂದ್ಸಲ ಅಳ್ಬುಡು" ಎಂದು ಬೇಡಿಕೊಳ್ಳುತ್ತಿದ್ದರು. ಕೊನೆಗೆ ಅದು ಬೆಕ್ಕಿನ ಮರಿಯಷ್ಟು ಸಣ್ಣಗೆ ಒಂದು ಸದ್ದು ಮಾಡಿತು. ಅಷ್ಟರಲ್ಲಿ ಅಕ್ಕಪಕ್ಕದವರು ಸೇರಿದ್ದರು.

ಎದುರು ಮನೆಯವನು ವ್ಯಾನು ತಂದ. "ನಗರಕ್ಕೇ ಹೋಗನ ಬುಡಿ ಟೀಚರೇ" ಎಂದು ಚಾಮರಾಜನಗರದ ದಾರಿ ಹಿಡಿದ. ದಾರಿಯುದ್ದಕ್ಕೂ ಕಿಟಕಿ ತೆರೆದಿಟ್ಟು, ಕೂಸಿನ ಮೂಗಿನ ಮುಂದೆ ಬೆರಳು ಹಿಡಿದು ಕೂತಿದ್ದೆ. ಉಸಿರು ತಾಗಿತು, ತಾಗಲಿಲ್ಲ, ತಾಗಿತು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಹಾಕಿದರು. ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಒಳಗೆ ಒಯ್ದರು. ಉಮ್ಮತ್ತೂರಿನಿಂದ ಅಳಿಯನೂ ಬೀಗಿತ್ತಿಯೂ ಬಂದರು. ಏನಾಯಿತು ಎಂದು ಬೀಗಿತ್ತಿ ಕೇಳಿದ್ದೇ ತಡ, ನನ್ನೊಳಗಿನ ಭಯವೆಲ್ಲ ಕೋಪವಾಗಿ ಅತ್ತೆಯ ಮೇಲೆ ತಿರುಗಿತು. ಅವರು ಬೆಂಚಿನ ಪಕ್ಕ ನೆಲದ ಮೇಲೆ ಕೂತಿದ್ದರು. "ಇವರನ್ನೇ ಕೇಳಿ! ಕೆಂಡ ಕೆಂಡ ಅಂತ ಪ್ರಾಣ ತಿಂದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಬಂದರು!" ಎಂದು ವರಾಂಡದಲ್ಲಿ ಇದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಸಂಜೆಯ ಹೊತ್ತಿಗೆ ಮಗಳಿಗೆ ಪ್ರಜ್ಞೆ ಬಂತು. ತಲೆ ಸಿಡಿಯುತ್ತಿದೆ ಎಂದಳು, ಕೂಸು ಎಲ್ಲಿ ಎಂದಳು. ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ನನ್ನನ್ನೂ ಅತ್ತೆಯನ್ನೂ ಕರೆದು ಕೂರಿಸಿಕೊಂಡರು.

"ಬಾಣಂತಿ ಕೋಣೆಯಲ್ಲಿ ಕೆಂಡ ಇಡಬೇಡಿ ಅಂತ ನಾವು ಬಾಯಿ ಬಡ್ಕೋತೀವಿ, ಯಾರೂ ಕೇಳೋದಿಲ್ಲ. ಆದರೂ ನಿಮ್ಮದು ಹೆಂಚಿನ ಮನೆ ಅಂತೀರಿ. ಹೆಂಚಿನ ಮನೇಲಿ ಇಷ್ಟು ಜೋರಾಗಿ ಆಗೋದು ನಾನು ನೋಡಿಲ್ಲ. ಆ ಕೋಣೆಗೆ ಗಾಳಿ ಎಲ್ಲಿಂದ ಬರುತ್ತೆ ಟೀಚರ್?"

ಏಣಿಯ ಮೇಲಿನ ಮನುಷ್ಯನೂ ಇದನ್ನೇ ಕೇಳಿದ್ದ. ಅತ್ತೆ ಮೊಮ್ಮಗಳನ್ನು ಅಪಾಯಕ್ಕೆ ಒಡ್ಡಿರಲಿಲ್ಲ. ಅವರು ತಮಗೆ ಗೊತ್ತಿದ್ದ ಮನೆಯಲ್ಲಿ, ಗೇಣಗಲ ತೆರೆದ ಸೂರಿನ ಕೆಳಗೆ, ತಮಗೆ ಗೊತ್ತಿದ್ದ ಹಾಗೆ ಕೆಂಡ ಇಟ್ಟಿದ್ದರು. ಆ ಮನೆಯನ್ನು ಅವರಿಗೆ ಗೊತ್ತಿಲ್ಲದ ಮನೆಯಾಗಿ ಬದಲಾಯಿಸಿದವಳು ನಾನು. ಅವರ ಕೆಂಡ ಹಳೆಯದು, ನನ್ನ ಸೂರು ಹೊಸದು. ಎರಡನ್ನೂ ಕೂಡಿಸಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಬೇಕಾದವಳು ಆ ಮನೆಯಲ್ಲಿ ಒಬ್ಬಳೇ ಇದ್ದಳು.

"ಕಿಟಕಿ ಇದೆ" ಎಂದೆ ಡಾಕ್ಟರಿಗೆ.

ಅದು ಸುಳ್ಳಲ್ಲ. ಕಿಟಕಿ ಇತ್ತು. ಅವರು ಏನನ್ನೋ ಬರೆದುಕೊಂಡರು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಗೋಡೆ ನೋಡಿದೆ.

ಕೂಸು ಮೂರನೇ ದಿನ ಗಾಜಿನ ಪೆಟ್ಟಿಗೆಯಿಂದ ಆಚೆ ಬಂತು. ಹಾಲು ಕುಡಿಯಿತು. ಸದ್ಯಕ್ಕೆ ಅಪಾಯವಿಲ್ಲ, ಆದರೆ ತಲೆಗೆ ಏನಾದರೂ ಪೆಟ್ಟಾಗಿದೆಯೇ ಎಂದು ಬೆಳೆಯುತ್ತಾ ಹೋದ ಹಾಗೆ ನೋಡಬೇಕು, ತಿಂಗಳಿಗೊಮ್ಮೆ ತೋರಿಸಿ ಎಂದರು. ಮನೆಗೆ ಕಳಿಸುವ ದಿನ ಬೀಗಿತ್ತಿ ನಿರ್ಧಾರ ಮಾಡಿಕೊಂಡೇ ಬಂದಿದ್ದರು.

"ನಮ್ಮ್ ಸೊಸೇನೂ ಕೂಸ್ನೂ ಉಮ್ಮತ್ತೂರ್ಗೇ ಕರ್ಕೊಂಡ್ ಓಗ್ತೀವಿ. ಬ್ಯಾಸರ ಮಾಡ್ಕೋಬ್ಯಾಡಿ ಟೀಚರೇ. ನಿಮ್ ಮ್ಯಾಲೆ ನಮ್ಗೇನಿಲ್ಲ. ಆ ಮುದುಕಮ್ಮ ಇರೋ ಮನೆಗೆ ಮಾತ್ರ ಕೂಸ್ನ ಕಳ್ಸಾಕಿಲ್ಲ. ಅವ್ರು ಅದನ್ನ ಮುಟ್ಟಾದೂ ಬ್ಯಾಡ."

ಅತ್ತೆ ಎದ್ದು ಬಂದರು. ಮಂಡಿ ಊರಲು ಅವರಿಗೆ ಆಗುವುದಿಲ್ಲ, ಬೆಂಚು ಹಿಡಿದುಕೊಂಡು ಬಗ್ಗಿ ಬೀಗಿತ್ತಿಯ ಕಾಲು ಹಿಡಿದರು. "ನಂದೇ ತಪ್ಪು ಕಣವ್ವ. ನಂಗ್ ಬುದ್ಧಿ ಇರ್ನಿಲ್ಲ. ಕೂಸು ಚೆನ್ನಾಗಿರ್ಲಿ, ಕರ್ಕೊಂಡ್ ಓಗಿ" ಎಂದರು. ಬೀಗಿತ್ತಿ ತಮಗಿಂತ ಇಪ್ಪತ್ತು ವರ್ಷ ಹಿರಿಯರ ಕೈಯನ್ನು ಬಿಡಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಮಗಳು ಕಾರಿನಲ್ಲಿ ಆಗಲೇ ಕೂತಿದ್ದಳು. ಕಾರು ಹೊರಟಿತು.

ಮನೆಗೆ ಬಂದ ಮೇಲೆ ಅತ್ತೆ ಮಾತು ಕಡಿಮೆ ಮಾಡಿದರು. ಕೂಸಿನ ಬಟ್ಟೆ ಒಗೆದು ಮಡಿಸಿಟ್ಟರು. ಅಗ್ಗಿಷ್ಟಿಕೆಯನ್ನು ಹಿತ್ತಿಲಿಗೆ ಒಯ್ದು ಒಡೆದು ಹಾಕಿದರು. ನಾನು ಶಾಲೆಗೆ ಹೋದೆ, ಪಾಠ ಮಾಡಿದೆ, ಬಂದೆ. ಬೀದಿಯವರು ಅತ್ತೆಯನ್ನು ಕಂಡು ಗುಸುಗುಸು ಅನ್ನುವಾಗ ಸರಸರನೆ ನಡೆದು ದಾಟಿದೆ. ಶಾಲೆಯಲ್ಲಿ ಒಬ್ಬರು "ಹಳೇ ಕಾಲದವರ ಮೂಢನಂಬಿಕೆ ನೋಡಿ ಟೀಚರ್" ಎಂದರು. ಹ್ಞೂಂ ಎಂದೆ. ಹೀಗೆ ವಾರ ಕಳೆಯಿತು. ನನ್ನ ಬಗ್ಗೆ ನನಗೇ ಇಷ್ಟು ಗಾಬರಿಯಾದದ್ದು ಹಿಂದೆಂದೂ ಇಲ್ಲ. ಕೂಸಿನ ಮೂಗಿನ ಮುಂದೆ ಬೆರಳಿಟ್ಟು ಕೂತಿದ್ದಾಗ ದೇವರಿಗೆ ಏನೇನೋ ಹರಕೆ ಹೊತ್ತವಳಿಗೆ, ಒಂದು ಮಾತು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ.

ಆ ಶನಿವಾರ ಶಾಲೆಯಿಂದ ಬಂದವಳೇ ಏಣಿ ಹಾಕಿ ಗವಾಕ್ಷಿಯ ನೊರೆಯನ್ನು ಈಳಿಗೆಮಣೆಯ ಹಳೆಯ ಅಲಗಿನಿಂದ ಕೆತ್ತತೊಡಗಿದೆ. ಅದು ಪುಡಿಪುಡಿಯಾಗಿ ತಲೆಯ ಮೇಲೆ ಉದುರಿತು. ಗವಾಕ್ಷಿ ತೆರೆದು ಬಿಸಿಲು ಬಂತು. ಅಟ್ಟಕ್ಕೆ ಹತ್ತಿ, ಗೋಡೆಯ ತುದಿಯಲ್ಲಿದ್ದದ್ದನ್ನೂ ಅಲ್ಲಲ್ಲಿ ಕೊರೆದೆ. ಮೇಲಿನ ಹೊದಿಕೆ ಇರಲಿ, ಸೆಕೆಗೂ ಚಳಿಗೂ ಅದು ಬೇಕು. ಆದರೆ ಅಟ್ಟಕ್ಕೆ ಅದರ ಗಾಳಿ ಬೇಕು, ಕೋಣೆಗೆ ಅದರ ಗಾಳಿ ಬೇಕು. ಇಷ್ಟನ್ನು ಆ ಸೀಲಿಂಗಿನವನು ಮೊದಲೇ ಬಿಟ್ಟಿ ಹೇಳಿಕೊಟ್ಟಿದ್ದ. ಕೆಳಗೆ ಇಳಿಯಲು ನೋಡಿದರೆ ಅತ್ತೆ ಏಣಿ ಹಿಡಿದು ನಿಂತಿದ್ದರು.

"ಬಿದ್ಗಿದ್ದೀಯ, ನಿಧಾನಕ್ಕೆ ಇಳಿ" ಎಂದರು.

ಕೊನೆಯ ಮೆಟ್ಟಿಲ ಮೇಲೆ ನಿಂತೇ ಅಳು ಬಂತು. "ಅತ್ತೆ, ಅದು ನಿಮ್ಮ ಕೆಂಡದಿಂದ ಆದದ್ದಲ್ಲ. ನಾನು..." ಎಂದೆ.

"ನಂಗೊತ್ತು ಕಣಮ್ಮಿ."

"ಏನು ಗೊತ್ತು?"

"ಆ ಡಾಕ್ಟ್ರಮ್ಮ ಗಾಳಿ ಎಲ್ಲಿಂದ ಬತ್ತದೆ ಅಂತ ಕೇಳ್ದಾಗ್ಲೇ ಗೊತ್ತಾಯ್ತು. ನಿನ್ ಮಖ ನೋಡ್ದೆ, ಇನ್ನೂ ಗೊತ್ತಾಯ್ತು."

"ಗೊತ್ತಿದ್ದೂ ಯಾಕೆ ಅವರ ಕಾಲು ಹಿಡಿದಿರಿ?"

ಅವರು ನನ್ನ ತಲೆಯ ಮೇಲಿದ್ದ ನೊರೆಯ ಚೂರುಗಳನ್ನು ಒಂದೊಂದಾಗಿ ಆಯ್ದು ತೆಗೆಯುತ್ತಾ, ಅಡುಗೆಯ ವಿಷಯ ಹೇಳುವ ಹಾಗೆ ಹೇಳಿದರು. "ನೀನ್ ಮಾಡ್ದೆ ಅಂತ ಗೊತ್ತಾಗ್ಬುಟ್ರೆ ಕೂಸ್ನ ಈ ಮನೆಗೆ ಯಾವತ್ತೂ ಕಳ್ಸಾಕಿಲ್ಲ ಕಣೆ. ನಾನ್ ಮಾಡ್ದೆ ಅಂದ್ರೆ, ನಾನಿರೋ ಗಂಟ ಕಳ್ಸಾಕಿಲ್ಲ ಅಷ್ಟೆಯಾ. ನಾನ್ ಇನ್ನೆಷ್ಟ್ ದಿನ ಇದ್ದೇನು? ನಾನ್ ಓದ್ಮೇಲೆ ಕಳಿಸ್ತಾರೆ. ಮಗ ಅಜ್ಜಿ ಮನೆ ಅಂತ ಬಂದು ಓಡಾಡ್ಕಂಡಿರ್ತದೆ."

ನಾನು ಏಣಿಯ ಬುಡದಲ್ಲೇ ಕೂತುಬಿಟ್ಟೆ. ನಾನು ಮಾತಾಡದೆ ಉಳಿಸಿಕೊಂಡದ್ದು ನನ್ನ ಮಾನ. ಅವರು ಕಾಲು ಹಿಡಿದು ಉಳಿಸಿಕೊಟ್ಟದ್ದು ನನಗೆ ನನ್ನ ಮೊಮ್ಮಗಳು. ಅದಕ್ಕೆ ಅವರು ಇಟ್ಟ ಗಡುವು ತಮ್ಮದೇ ಸಾವು. ಕಾರಣ ಹೇಳಲು ಬರುವುದಿಲ್ಲ ಎಂದು ನಾನು ಆಡಿಕೊಳ್ಳುತ್ತಿದ್ದ ಹೆಂಗಸು ಇಷ್ಟು ನಿಚ್ಚಳವಾಗಿ ಕಾರಣ ಹೇಳಿದ್ದರು.

ಮರುದಿನ ಬೆಳಗ್ಗೆ ಅತ್ತೆಗೆ ಎಲ್ಲಿಗೆಂದು ಹೇಳದೆ ಮೊದಲ ಬಸ್ಸು ಹತ್ತಿ, ಚಾಮರಾಜನಗರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಉಮ್ಮತ್ತೂರಿಗೆ ಹೋದೆ. ಬೀಗಿತ್ತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕೂರಲಿಲ್ಲ, ನೀರು ಕೊಟ್ಟರೂ ಕುಡಿಯಲಿಲ್ಲ. ಕೂತರೆ ಮಾತು ಬೇರೆ ಕಡೆಗೆ ಹೋಗುತ್ತದೆ ಎಂದು ಹೆದರಿಕೆ. ನಿಂತೇ ಹೇಳಿದೆ. ಸೂರು ಮುಚ್ಚಿಸಿದ್ದು, ಗವಾಕ್ಷಿ ಇರಲಿ ಎಂದವನನ್ನು ಸುಮ್ಮನಾಗಿಸಿದ್ದು, ಬಾಗಿಲು ಒತ್ತಿ ಚಿಲಕ ಹಾಕಿದ್ದು, ಅತ್ತೆ ನೋಡಿ ಬರುತ್ತೇನೆ ಅಂದಾಗ ತಡೆದದ್ದು, ನನ್ನ ಮಾತು ಮೀರಿ ಅವರು ಬಾಗಿಲು ತೆಗೆದದ್ದು. ಅವರು ತೆಗೆಯದಿದ್ದರೆ ನಿಮ್ಮ ಸೊಸೆಯೂ ಇಲ್ಲ, ಕೂಸೂ ಇಲ್ಲ ಎಂದೆ. ಬೀಗಿತ್ತಿಯ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು.

ಅವರು ಅದನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. "ಅಂಗಾರೆ ಅವತ್ತು ಆಸ್ಪತ್ರೇಲಿ ಆ ಯಮ್ಮ ನನ್ ಕಾಲಿಡ್ಕಂಡಾಗ ನೀವು ಪಕ್ಕದಲ್ಲೇ ನಿಂತಿದ್ರಲ್ಲ ಟೀಚರೇ?"

"ನಿಂತಿದ್ದೆ" ಎಂದೆ.

ಒಳಗಿನ ಬಾಗಿಲಲ್ಲಿ ಮಗಳು ಇದ್ದಳು. ಯಾವಾಗ ಬಂದು ನಿಂತಳೋ ನನಗೆ ತಿಳಿಯಲಿಲ್ಲ. ತೋಳಿನಲ್ಲಿ ಕೂಸು ನಿದ್ದೆ ಮಾಡುತ್ತಿತ್ತು, ಕೆನ್ನೆ ತುಂಬಿಕೊಂಡಿತ್ತು. ನಾನು ತಡೆಯಲಾರದೆ ಎರಡೂ ಕೈ ಚಾಚಿದೆ. ಅವಳು ಕೊಡಲಿಲ್ಲ. ಕೂಗಾಡಲೂ ಇಲ್ಲ. ಅತ್ತೆಯ ಹಾಗೇ ಮೆಲ್ಲಗೆ ಹೇಳಿದಳು.

"ಈಗ್ಲೇ ಹೋಗಿ ಅಜ್ಜೀನ ಕರ್ಕೊಂಡು ಬಾ ಅಮ್ಮ. ಮೊದ್ಲು ಅಜ್ಜಿ ಎತ್ಕೊಳ್ಳಿ. ಆಮೇಲೆ ನಿನಗೆ ಕೊಡ್ತೀನಿ."

ಬೀಗಿತ್ತಿ ಬೇಡ ಅನ್ನಲಿಲ್ಲ. ನಾನು ಚಾಚಿದ ಕೈ ಇಳಿಸಿಕೊಂಡು, ಚಪ್ಪಲಿ ಮೆಟ್ಟಿ, ಬಸ್ಸು ನಿಲ್ಲುವ ಕಡೆಗೆ ನಡೆದೆ.